ಸಲೀಸಾಗಿ ತಿರುಗಿದ ಇಂಜಿನ್ನು

ಟಾರ್ಚ್ ಮೇಸ್ತ್ರಿ ಹುಟ್ಟಿದಾಗ ಅಳುವುದಕ್ಕೂ ಮೊದಲು ಒಂದು ಕಣ್ಣು ತೆರೆದು ಸೂಲಗಿತ್ತಿಯನ್ನು ಮೇಲಿಂದ ಕೆಳಗೆ ನೋಡಿದನಂತೆ. ಮೋಟಾರು ರಿಪೇರಿಯಲ್ಲಿ ನಲವತ್ತು ವರ್ಷ ಸವೆಸಿದ ಮನುಷ್ಯ. ಮಟಮಟ ಮಧ್ಯಾಹ್ನದಲ್ಲೂ ಅವನ ಜೇಬಿನಲ್ಲಿ ಟಾರ್ಚು. ಅದನ್ನು ಬಾನೆಟ್ಟಿನ ಕೆಳಗಷ್ಟೇ ಅಲ್ಲ, ತರಕಾರಿ ಬುಟ್ಟಿಯ ತಳಕ್ಕೂ, ಮಗಳನ್ನು ನೋಡಲು ಬಂದ ಗಂಡಿನ ಬಾಯೊಳಕ್ಕೂ ಬಿಟ್ಟು ನೋಡಿದವನು. ಉಳಿದವರು ಮಜ್ಜಿಗೆಯನ್ನು ಊದಿ ಕುಡಿದರೆ ಇವನು ನೀರನ್ನೇ ಊದಿ ಕುಡಿಯುತ್ತಿದ್ದ.

ಇಂಥವನಿಗೂ ಒಂದು ಆಸೆ ಇತ್ತು. ಕೆಲಸ ಕಲಿಯುವ ಕಾಲದಲ್ಲಿ ಹಲ್ಲಿನ ಡಾಕ್ಟರ ಎರಡು ಬಾಗಿಲಿನ ಕಾರಿನ ಗಾಜು ಒರೆಸಿದ್ದ, ಅಂದಿನಿಂದ ಅದರ ಮೇಲೇ ಕಣ್ಣು. ತಯಾರಿಸಿದ ಕಂಪನಿ ಮುನ್ನೂರು ಕಾರು ಹೊರಗೆ ಬಿಟ್ಟು, ಬಾಗಿಲು ಮುಚ್ಚಿ ಹೋಗಿತ್ತು. ಅವುಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಡಾಕ್ಟರು ತೀರಿಕೊಂಡ ಮೇಲೆ ಆ ಕಾರು ಮನೆಯ ಹಿಂದಿನ ಶೆಡ್ಡು ಸೇರಿ ಇಪ್ಪತ್ತೆಂಟು ವರ್ಷವಾಗಿತ್ತು. ಇವನು ಎಷ್ಟೋ ಸಲ ಕೇಳಿದ್ದ, ಡಾಕ್ಟರ ಹೆಂಡತಿ ಡಾಕ್ಟರಮ್ಮ ಅಷ್ಟೂ ಸಲ ಕದ ಹಾಕಿದ್ದರು.

ಒಂದು ಸೋಮವಾರ ಆಕೆಯೇ ಕರೆ ಕಳಿಸಿದರು.

“ಶೆಡ್ಡು ಕೆಡವ್ತಾ ಇದೀನಿ. ಕಾರು ನಿನಗೆ ಕೊಡ್ತೀನಿ, ಆದರೆ ಇಲ್ಲೇ, ನನ್ನ ಕಿವಿಗೆ ಕೇಳೋ ಹಾಗೆ ಶುರು ಮಾಡ್ಬೇಕು. ಮಾಡಿದ್ರೆ ಕಾಗದಕ್ಕೆ ರುಜು. ಇಲ್ಲಾಂದ್ರೆ ಭಾನುವಾರ ಗುಜರಿಯವನು ಬರ್ತಾನೆ. ಓಡಿಸೋಕೆ ಬಾರದವನ ಮನೇಲಿ ಬೊಂಬೆ ಥರ ಕೂರೋದಕ್ಕಿಂತ ಅದು ತೂಕಕ್ಕೆ ಹೋಗ್ಲಿ.”

ಮೇಸ್ತ್ರಿ ತಲೆ ಆಡಿಸಿದ. ಮನೆಗೆ ಬರುವ ಹೊತ್ತಿಗೆ ಆ ತಲೆಯಲ್ಲಿ ಹುಳು ಹೊಕ್ಕಿತ್ತು. “ಇಷ್ಟು ವರ್ಷ ಕೊಡದವರು ಈಗ್ಯಾಕೆ ಕೊಡ್ತಾರೆ? ಏನೋ ಇದೆ.”

“ದೇವರು ಪ್ರತ್ಯಕ್ಷ ಆದ್ರೂ ಗುರುತಿನ ಚೀಟಿ ಕೇಳೋರು ನೀವು,” ಎಂದಳು ಹೆಂಡತಿ.

ಮಂಗಳವಾರ ಶೆಡ್ಡಿಗೆ ಹೋದ. ಜೇಡಗಳು ಕಾರಿನೊಳಗೆ ಏಳು ತಲೆಮಾರು ಸಂಸಾರ ನಡೆಸಿ, ಆಸ್ತಿ ಪಾಲು ಮಾಡಿಕೊಂಡು, ಈಗ ಸೀಟಿನ ಗಡಿಯ ಬಗ್ಗೆ ವ್ಯಾಜ್ಯ ಹೂಡಿದಂತಿದ್ದವು. ಟೈರುಗಳು ನೆಲಕ್ಕೆ ಅಂಟಿದ್ದವು. ಹೀಗೆ ನಿಂತ ಇಂಜಿನ್ನು ಕಚ್ಚಿಕೊಂಡಿರುತ್ತದೆ. ಒಳಕ್ಕೆ ಎಣ್ಣೆ ಬಿಟ್ಟು ಮೂರು ದಿನ ನೆನೆಸಿ, ಇಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲನ್ನು ಮುಂದೆ ಹಾಕಿ, ಹಲ್ಲು ಕಚ್ಚಿ ಅಲುಗಿಸಬೇಕು. ಎಣ್ಣೆ ಬಿಡುವ ಮೊದಲು ಎಷ್ಟು ಕಚ್ಚಿದೆ ನೋಡೋಣವೆಂದು ಮೇಸ್ತ್ರಿ ಎರಡು ಕಾಲೂರಿ, ಉಸಿರು ಕಟ್ಟಿ ಹ್ಯಾಂಡಲ್ ಒತ್ತಿದ.

ಅದು ಬೆಣ್ಣೆಯಲ್ಲಿ ಚಾಕು ಆಡಿದಂತೆ ತಿರುಗಿತು. ಒತ್ತಿದ ರಭಸಕ್ಕೆ ಅವನೇ ಬಂಪರಿಗೆ ಮುತ್ತಿಟ್ಟ.

ಇನ್ನೊಬ್ಬನಾಗಿದ್ದರೆ ಕುಣಿಯುತ್ತಿದ್ದ. ಮೇಸ್ತ್ರಿಗೆ ಬೆವರು ಬಂತು. ಇಪ್ಪತ್ತೆಂಟು ವರ್ಷ ನಿಂತ ಇಂಜಿನ್ನು ಹೀಗೆ ತಿರುಗಬೇಕಾದರೆ ಒಂದೋ ದೇವರಿದ್ದಾನೆ, ಇಲ್ಲವೇ ಯಾರೋ ಮೋಸ ಮಾಡಿದ್ದಾರೆ. ಮೇಸ್ತ್ರಿಗೆ ಮೊದಲಿನಿಂದಲೂ ಎರಡನೆಯದರ ಮೇಲೇ ಭಕ್ತಿ. ಅಸಲಿ ಇಂಜಿನ್ನು ಎತ್ತಿ ಮಾರಿದ್ದಾರೆಯೇ? ಒಳಗೆ ಪಿಸ್ಟನ್ನುಗಳೇ ಇಲ್ಲವೇ?

ಮಧ್ಯಾಹ್ನ ಊಟಕ್ಕೆ ಬಂದಾಗ ಹೆಂಡತಿ ಹೇಳಿದಳು, “ಅವರನ್ನೇ ಕೇಳಿದ್ರೆ ಆಗೋಯ್ತಲ್ಲ?”

“ಕಳ್ಳನ್ನ ಕೇಳಿ ಯಾರಾದ್ರೂ ಬೀಗ ಹಾಕ್ತಾರೇನೇ?”

ಡಾಕ್ಟರಮ್ಮ ಮಲಗಿದ ಹೊತ್ತು ನೋಡಿ ಅವನು ಇಂಜಿನ್ನಿನ ತಲೆಯನ್ನೇ ಬಿಚ್ಚಿದ. ಟಾರ್ಚು ಬಿಟ್ಟ. ನಾಲ್ಕೂ ಪಿಸ್ಟನ್ನುಗಳು ಹೊಸ ಮದುಮಕ್ಕಳಂತೆ ಎಣ್ಣೆ ಹಚ್ಚಿಕೊಂಡು ಹೊಳೆಯುತ್ತ ಕುಳಿತಿದ್ದವು. ನಂಬರೂ ಅಸಲಿ. ಆದರೆ ತಲೆಗೂ ಮೈಗೂ ನಡುವೆ ಕೂರುವ ಗ್ಯಾಸ್ಕೆಟ್ಟು ಎತ್ತುವಾಗ ಒಣಗಿದ ಎಲೆಯಂತೆ ಹರಿದಿತ್ತು. ಅಂಥ ಗ್ಯಾಸ್ಕೆಟ್ಟು ಭೂಮಿಯ ಮೇಲೆ ಬೇರೆ ಎಲ್ಲೂ ಸಿಗದು. ನೆಟ್ಟಗಿದ್ದದ್ದನ್ನು ನೋಡಲು ಹೋಗಿ ತಾನೇ ಕೆಡಿಸಿದ್ದ.

ತಾಮ್ರದ ತಗಡಿನಲ್ಲಿ ಕೈಯಾರೆ ಕತ್ತರಿಸಬೇಕಿತ್ತು. ತೆಳು ತಗಡು ಇದ್ದದ್ದು ಪಾತ್ರೆಯವನ ಅಂಗಡಿಯಲ್ಲಿ. ಅವನು ತಕ್ಕಡಿಯ ಮೇಲೆ ಬೆರಳಿಡುತ್ತಾನೆಂದು ಮೇಸ್ತ್ರಿಗೆ ಹನ್ನೆರಡು ವರ್ಷದ ಗುಮಾನಿ. ಹಾಗಾಗಿ ತನ್ನಲ್ಲೇ ಇದ್ದ ದಪ್ಪ ತಗಡನ್ನೇ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ, ಕತ್ತರಿಸಿ ಕೂರಿಸಿದ. ಯಾರಿಗೂ ತುಟಿ ಬಿಚ್ಚಲಿಲ್ಲ. ಉಳಿದ ದಿನ ಟ್ಯಾಂಕು ತೊಳೆದ, ಕಾರ್ಬ್ಯುರೇಟರ್ ಬಿಚ್ಚಿ ಒರೆಸಿದ, ಬ್ಯಾಟರಿ ಜೋಡಿಸಿದ.

ಭಾನುವಾರ ಬೆಳಿಗ್ಗೆ ಗುಜರಿಯವನು ಗೇಟಿನ ಹೊರಗೆ ಹಗ್ಗ ಹಿಡಿದು ನಿಂತಿದ್ದ. ಮೇಸ್ತ್ರಿ ಕೀಲಿ ತಿರುಗಿಸಿದ. ಕಾರು ಎರಡು ಸಲ ಕೆಮ್ಮಿ, ಊರಿಗೆಲ್ಲ ಸಾಕಾಗುವಷ್ಟು ನೀಲಿ ಹೊಗೆ ಉಗುಳಿ ಶುರುವಾಯಿತು. ಮೇಸ್ತ್ರಿಯ ಎದೆ ಎರಡಡಿ ಅಗಲವಾಯಿತು.

ಡಾಕ್ಟರಮ್ಮ ತಲೆ ವಾಲಿಸಿ ಆಲಿಸಿದರು. “ನಿಲ್ಸು. ನನ್ನ ಇಂಜಿನ್ ಎಲ್ಲಿ?”

“ಇದೇ ಅಲ್ವಾ ಅಮ್ಮಾ!”

“ಅಲ್ಲ. ನಿನ್ನೆ ಸಂಜೇನೇ ಅನುಮಾನ ಬಂತು. ಪ್ರತಿ ತಿಂಗಳು ಒಂದನೇ ತಾರೀಕು ನಮ್ಮನೆಯವರ ಸಿರಿಂಜಲ್ಲಿ ನಾಲ್ಕಕ್ಕೂ ಎಣ್ಣೆ ಬಿಟ್ಟು ಹ್ಯಾಂಡಲ್ ತಿರುಗಿಸ್ತೀನಿ. ಕೆಡದಂಗೆ ಇಡು ಅಂದಿದ್ರು, ಇಟ್ಟೆ. ಆ ಬಿಗಿ ನನ್ನ ತೋಳಿಗೆ ಗೊತ್ತು. ನಿನ್ನೆ ಒಂದನೇ ತಾರೀಕು, ತಿರುಗಿಸಿದ್ರೆ ಹಗುರ. ಈಗ ಸದ್ದೂ ಬೇರೆ. ಅಸಲಿ ಎತ್ಕೊಂಡು ಯಾವ್ದೋ ತಂದು ಕೂರಿಸಿದ್ಯಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವುದು ಏನೆಂದು ಮೇಸ್ತ್ರಿಗೆ ಆಗ ತಿಳಿಯಿತು. ಜಗತ್ತನ್ನೆಲ್ಲ ಅನುಮಾನಿಸಿದವನನ್ನು ಯಾರೂ ಅನುಮಾನಿಸಿರಲಿಲ್ಲ. ಗೇಟಿನಾಚೆ ಗುಜರಿಯವನು ಹಗ್ಗ ಬಿಚ್ಚತೊಡಗಿದ. ಹಳೇ ಇಂಜಿನ್ನಿನ ಸದ್ದು ಬದಲಾಗುತ್ತೆ ಅಮ್ಮಾ ಎಂದು ಒಂದು ಸುಳ್ಳು ಬಾಯ ತುದಿಗೆ ಬಂತು. ಅವನು ಅದನ್ನು ನುಂಗಿ, ಚೀಲದ ತಳದಿಂದ ಹರಿದ ಗ್ಯಾಸ್ಕೆಟ್ಟು ತೆಗೆದು ಆಕೆಯ ಕೈಗಿಟ್ಟ.

“ಸಲೀಸಾಗಿ ತಿರುಗ್ತು ಅಂತ ಬಿಚ್ಚಿ ನೋಡ್ದೆ. ಇದು ಹರೀತು. ದಪ್ಪ ತಗಡು ಹಾಕ್ದೆ, ತಲೆ ಮೇಲೆದ್ದು ಒಳಗೆ ಜಾಗ ಜಾಸ್ತಿ ಆಯ್ತು, ಅದಕ್ಕೇ ಬಿಗಿ ಕಮ್ಮಿ.”

“ಕೇಳಿದ್ರೆ ಹೇಳ್ತಿರಲಿಲ್ವಾ?”

“ಸುಳ್ಳು ಹೇಳ್ತೀರಿ ಅಂದ್ಕೊಂಡೆ.”

ಡಾಕ್ಟರಮ್ಮ ಕನ್ನಡಕ ಏರಿಸಿ ಗ್ಯಾಸ್ಕೆಟ್ಟಿನ ಒಂದೊಂದು ತೂತನ್ನೂ ಪರೀಕ್ಷಿಸಿದರು, ಹುಳುಕು ಹಲ್ಲು ನೋಡುವವರಂತೆ. ಆಮೇಲೆ ಗುಜರಿಯವನಿಗೆ, “ನೀನು ಸಂಜೆ ಬಾರಪ್ಪ,” ಅಂದರು. ಮೇಸ್ತ್ರಿಗೆ, “ತೆಳುದು ತಂದು ಹಾಕು. ನನ್ನ ಕಣ್ಣೆದುರೇ.”

ಮೇಸ್ತ್ರಿ ಪಾತ್ರೆಯವನ ಅಂಗಡಿಗೆ ಓಡಿ, ತಕ್ಕಡಿಯ ಕಡೆ ಕಣ್ಣೆತ್ತದೆ ತಗಡು ತಂದ. ಆಕೆ ಸ್ಟೂಲು ಹಾಕಿ ಕುಳಿತು, ಬಿಚ್ಚಿದ ನಟ್ಟುಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಕಾವಲು ಕಾದರು. ಕಣ್ಣು ಮುಚ್ಚಿ ಇಂಜಿನ್ನು ಕಟ್ಟುವ ಮೇಸ್ತ್ರಿಯ ಕೈಯಿಂದ ಸ್ಪ್ಯಾನರು ಮೂರು ಸಲ ಜಾರಿತು. ಸಂಜೆ ಆಕೆಯೇ ಎದ್ದು ಹ್ಯಾಂಡಲ್ ಹಿಡಿದು ಒಂದು ಸುತ್ತು ಒತ್ತಿದರು. ತೋಳಿನ ನರ ಉಬ್ಬಿತು. “ಹೂಂ,” ಎಂದರು. ಶುರು ಮಾಡಿಸಿ ಸದ್ದು ಕೇಳಿದರು. ಇನ್ನೊಂದು “ಹೂಂ.” ಬಾನೆಟ್ಟಿನ ಮೇಲೇ ಕಾಗದವಿಟ್ಟು ರುಜು ಹಾಕಿದರು. ಗುಜರಿಯವನಿಗೆ ಶೆಡ್ಡಿನ ತಗಡುಗಳು ಸಿಕ್ಕವು.

ಕಾರು ಮನೆ ಮುಂದೆ ನಿಂತಾಗ ಹೆಂಡತಿ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಏನು, ಸಿಕ್ತಾ ಮೋಸ?”

“ಸಿಕ್ತು.”

“ಯಾರು ಮಾಡಿದ್ದು?”

ಮೇಸ್ತ್ರಿ ಅಂಗಿಯ ತೋಳಿನಿಂದ ಪಕ್ಕದ ಸೀಟು ಒರೆಸಿದ. “ಮೊದ್ಲು ಹತ್ತು,” ಎಂದ, “ದಾರೀಲಿ ಹೇಳ್ತೀನಿ.”