ಎರಡು ಪ್ರೊಸೆಸರ್‌ಗೆ ಎಂಟು ಸಾವಿರ ಕಂಬಿ

ನಮ್ಮ ಕಡೆ ಮನೆ ಕಟ್ಟುವವರು ತಾರಸಿಯ ಮೇಲೆ ಕಂಬಿಗಳನ್ನು ಚಾಚಿಯೇ ಬಿಡುತ್ತಾರೆ, ಮುಂದೆಂದೋ ಮಹಡಿ ಏರಿಸಲು. ಹಾಸನದಿಂದ ಅರಕಲಗೂಡಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೋಡಿ, ಊರಿಗೂರೇ ಬೆದರಿ ಕೂದಲು ನಿಮಿರಿದಂತಿದೆ. ಮಹಡಿ ಏಳುವುದಿಲ್ಲ, ಕಂಬಿಯ ಮೇಲೆ ಬನಿಯನ್ ಒಣಗುತ್ತದೆ. ಈ ಆಶಾವಾದವನ್ನು ಕಂಪ್ಯೂಟರಿನೊಳಕ್ಕೂ ನುಗ್ಗಿಸಿದ ಮಹನೀಯ ನನ್ನ ಸಹಪಾಠಿ, ಅರಕಲಗೂಡಿನವನು.

ಅವನ ಮಾವ ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪನ್ನು ನೇತುಹಾಕಿ, ಒಲೆ ಉರಿಸಿ ಹದ ಮಾಡುವ ಬ್ಯಾರನ್ ಎಂಬ ಕೋಣೆಯೊಳಗೆ ಬಿಸಿ ಸರಕ್ಕನೆ ಏರಿದರೆ ಎಲೆ ಹೊಂಬಣ್ಣಕ್ಕೆ ತಿರುಗುವ ಬದಲು ಕಪ್ಪಾಗಿ ಕೂರುತ್ತದೆ. ಬಿಸಿ ಏರಿದೊಡನೆ ಫೋನಿಗೆ ಸುದ್ದಿ ಕಳಿಸುವ ಯಂತ್ರ ಮಾಡಿಕೊಡುತ್ತೇನೆಂದು ಗೆಳೆಯ ಮಾತು ಕೊಟ್ಟಿದ್ದ. ಯಂತ್ರವೆಂದರೆ ಗುಜರಿಯ ಪುಟ್ಟ ಕಂಪ್ಯೂಟರ್: ಪ್ರೊಸೆಸರ್ ಎರಡು, ಮೆಮೊರಿ ಇದೆಯೆಂದರೆ ಇದೆ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲನ್ನು ತಾನೇ ಆಯ್ಕೆಗಳನ್ನು ಒತ್ತಿ ಕಟ್ಟಿದ್ದ. ನಾನು ಹೋದ ಬೆಳಿಗ್ಗೆ, ಸುದ್ದಿ ಕಳಿಸುವ ಪ್ರೋಗ್ರಾಂ ಮೆಮೊರಿ ಸಾಲದೆ ಮತ್ತೆ ಮತ್ತೆ ಸಾಯುತ್ತಿತ್ತು.

"ಏನ್ಲಾ, ನಿನ್ ಡಬ್ಬಕ್ಕೆ ಉಸ್ರೇ ಇಲ್ವಲ್ಲ?" ಎಂದರು ಮಾವ. "ಮದ್ಯಾನ ಬೆಂಕಿ ಆಕ್ತೀನಿ. ಸೊಪ್ಪು ಕರ್ರಗಾಯ್ತೋ, ನಿನ್ನೂ ಅದ್ರ ಜತ್ಗೇ ನೇತಾಕ್ಬುಡ್ತೀನಿ ಕಣ!"

ನಾನು ಕರ್ನಲ್ಲಿನ ಆಯ್ಕೆಗಳನ್ನು ತೆರೆದೆ. ಗರಿಷ್ಠ ಎಷ್ಟು ಪ್ರೊಸೆಸರ್ ಎಂಬಲ್ಲಿ ಎಂಟು ಸಾವಿರ ಚಿಲ್ಲರೆ!

"ಇದೇನ್ಲಾ, ಬಾಹ್ಯಾಕಾಶಕ್ಕೆ ಸೊಪ್ಪು ಕಳಿಸ್ತೀಯಾ?" ಎಂದೆ ಗೆಳೆಯನಿಗೆ.

"ಇರ್ಲಿ ಬುಡ್ಲಾ. ನಾಳೆ ದೊಡ್ಡ ಮಿಸಿನ್ ತಗಂಡ್ರೆ?"

"ನಾಳೆ ತಗಂಡ್ರೆ ನಾಳೆ ಕಟ್ಟು. ಇಲ್ದೇ ಇರೋ ಪ್ರೊಸೆಸರ್‌ಗೂ ಲೆಕ್ಕ ಇಡೋಕೆ ಅಂತ ಕರ್ನಲ್ ಮೆಮೊರಿ ಹಿಡ್ಕಂಡು ಕೂತದೆ. ಬರ್ದೇ ಇರೋ ನೆಂಟ್ರಿಗೆ ಎಲೆ ಆಕ್ಬುಟ್ಟು, ಬಂದೋರ್ನ ಬಾಗ್ಲಲ್ಲಿ ನಿಲ್ಸಿದೀಯ."

"ಅಂಗಾರೆ ಒಂದು ಅಂತ ಆಕ್ಬುಡ್ತೀನಿ, ಬುಡು."

ಸೋಲುವ ವಾದಿ ಒಂದು ಅತಿಯಿಂದ ನೇರ ಇನ್ನೊಂದು ಅತಿಗೆ ಹಾರುತ್ತಾನೆ; ಚರ್ಚಾಸ್ಪರ್ಧೆಗಳಲ್ಲಿ ಎಷ್ಟು ಸಲ ನೋಡಿಲ್ಲ! ಒಂದೆಂದು ಹಾಕಿದರೆ ಎರಡನೆಯ ಪ್ರೊಸೆಸರ್ ಮಾವನ ಮನೆಗೆ ಬಂದ ಅಳಿಯನಂತೆ ಕಾಲು ಚಾಚಿ ಕೂರುತ್ತದೆ ಎಂದು ವಿವರಿಸತೊಡಗಿದೆ.

"ಬಾಸಣ ಆಮ್ಯಾಕೆ ಮಡೀಕಳಪ್ಪ," ಎಂದರು ಮಾವ. "ಇರೋದೆಷ್ಟು, ಎರಡಾ? ಎರಡು ಆಕ್ರಲಾ!"

ಎರಡೆಂದು ಹಾಕಿ ಕರ್ನಲ್ಲನ್ನು ಮತ್ತೆ ಕಟ್ಟಿದೆವು. ಕರ್ನಲ್ ಮೈ ಇಳಿಸಿಕೊಂಡಿತು, ಪ್ರೋಗ್ರಾಂ ಸಾಯಲಿಲ್ಲ. ಸಂಜೆ ಚಹಾ ಕುಡಿಯುವಾಗ ಮಾವನ ಫೋನು ಕಿರುಚಿತು. ಅವರು ಲೋಟ ಅಲ್ಲೇ ಬಿಟ್ಟು ಓಡಿ ಒಲೆಯ ಬೆಂಕಿ ತಗ್ಗಿಸಿದರು. ಆ ಸಲದ ಸೊಪ್ಪು ಅರಿಶಿನದಂತೆ ಇಳಿಯಿತು. ಗೆಳೆಯನನ್ನು ಯಾರೂ ನೇತುಹಾಕಲಿಲ್ಲ.

ಮಾವ ಖುಷಿಯಾಗಿ ಆ ಡಬ್ಬಕ್ಕೆಂದೇ ಇಟ್ಟಿಗೆಯ ಗೂಡು ಕಟ್ಟಿಸಿದ್ದಾರೆ. ಮೊನ್ನೆ ನೋಡಿ ಬಂದೆ. ಮೊಣಕಾಲೆತ್ತರ ಇದೆ. ಮೇಲೆ ನಾಲ್ಕು ಕಂಬಿ ಬಿಟ್ಟಿದ್ದಾರೆ.