ನೆತ್ತಿ ಮೂಸುವ ಮಾಮ

ಅವರ ಮೂಗು ದೊಡ್ಡದು, ತುದಿ ಕೆಂಪಗೆ. ಮಕ್ಕಳು ಒಳಗೆ ಬಂದ ಕೂಡಲೇ ಆ ಮೂಗನ್ನು ನೆತ್ತಿಗೆ ತಾಗಿಸಿ ಮೂಸುತ್ತಿದ್ದರು. ಮುದ್ದು ಮಾಡುತ್ತಿದ್ದಾರೆಂದೇ ಮೊದಲ ದಿನ ನಾನು ತಿಳಿದದ್ದು. ಮುದ್ದೂ ಅಲ್ಲ, ಎಂತದೂ ಅಲ್ಲ, ಎಣ್ಣೆ ಹುಡುಕುತ್ತಿದ್ದರು.

ಠಾಣೆ ಊರಿನ ಒಂದು ಕ್ಲಿನಿಕ್ಕಿನಲ್ಲಿ ಮನುಷ್ಯ ಮಲಗುವಷ್ಟು ಉದ್ದದ ಗಾಜಿನ ಪೆಟ್ಟಿಗೆಯಿತ್ತು. ಅದರೊಳಗೆ ಒತ್ತಡದಲ್ಲಿ ಆಕ್ಸಿಜನ್ ತುಂಬುವ ಕೆಲಸ ಅವರದು. ತಲೆಗೆ ಎಣ್ಣೆ ಹಚ್ಚಿದವರನ್ನು ಆ ದಿನ ಒಳಗೆ ಬಿಡುತ್ತಿರಲಿಲ್ಲ. ಹುಬ್ಬಳ್ಳಿ ಕಡೆಯವರು. ಸೆರೆಬ್ರಲ್ ಪಾಲ್ಸಿಯ ನನ್ನ ಮಗಳಿಗೆ ಆಗ ಆರು ತುಂಬುವುದರಲ್ಲಿತ್ತು. ಕೈಕಾಲು ಹಿಡಿತಕ್ಕೆ ಬಾರದು, ಮಾತಿಲ್ಲ. ಆಕ್ಸಿಜನ್ ಕೊಟ್ಟರೆ ಬುದ್ಧಿ ಚುರುಕಾಗಬಹುದೆಂದು ಯಾರೋ ಹೇಳಿದ್ದರು; ಡಾಕ್ಟರು ಖಾತ್ರಿಯೇನೂ ಕೊಡಲಿಲ್ಲ. ಐರೋಲಿಯ ವಿಶೇಷ ಶಾಲೆಯವರು ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದರು, ಮಾತಾಡಿದ್ದು ಮಗುವಿಗೆ ಅರ್ಥವಾದರೆ ಸೀಟು, ಇಲ್ಲವಾದರೆ ಇಲ್ಲ. ದಿನಾ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಅವಳನ್ನು ಸೊಂಟಕ್ಕೇರಿಸಿಕೊಂಡು ಕ್ಲಿನಿಕ್ಕಿಗೆ ಹೊರಟೆ.

ನಾನೂ ಅವಳ ಜೊತೆ ಪೆಟ್ಟಿಗೆಯೊಳಗೆ ಮಲಗಬೇಕು. ಒತ್ತಡ ಏರುವಾಗ ಕಿವಿ ನೋಯುತ್ತದೆ. ಹೊರಗಿನಿಂದ ಅವರು ಮೈಕಿನಲ್ಲಿ ನನ್ನನ್ನಲ್ಲ, ಅವಳನ್ನೇ ಕೇಳುತ್ತಿದ್ದರು: "ಯವ್ವಾ, ಕಿವಿ ನೋಯಾಕತ್ತೈತೇನು? ಹೌದಂದ್ರ ಮ್ಯಾಲ ನೋಡು." ಒಮ್ಮೊಮ್ಮೆ ಅವಳ ಕಣ್ಣು ಮೇಲೆ ಹೋಗುತ್ತಿತ್ತು, ಅವರು ಒತ್ತಡ ನಿಲ್ಲಿಸುತ್ತಿದ್ದರು. ಇವಳ ಕಣ್ಣು ಹೇಗೂ ಒಂದು ಕಡೆ ನಿಲ್ಲುವುದಿಲ್ಲ, ಈ ಮನುಷ್ಯನಿಗೆ ಮರುಳು ಎಂದು ನಾನು ಒಳಗೊಳಗೇ ಸಿಡುಕುತ್ತಿದ್ದೆ.

ಅಷ್ಟರಲ್ಲಿ ಅವಳ ಹುಟ್ಟಿದ ದಿನ ಬಂತು. ಆ ದಿನ ನೆತ್ತಿಗೆ ಎಣ್ಣೆ ಇಡದೆ ಮೀಯಿಸುವುದುಂಟೇ? ನಮ್ಮ ಉಡುಪಿ ಕಡೆ ಇಲ್ಲಪ್ಪ. ಒಂದು ಚಮಚ ತೆಂಗಿನೆಣ್ಣೆ ಇಟ್ಟೆ, ಎರಡು ಸಲ ಶಾಂಪೂ ಹಾಕಿ ತೊಳೆದೆ. ಕ್ಲಿನಿಕ್ಕಿನಲ್ಲಿ ಅವರಿಗೆ ಅಂದೇ ನೆಗಡಿ.

"ಅಕ್ಕಾರ, ಮೂಗು ಕಟ್ಟೈತಿ. ಎಣ್ಣಿ ಹಚ್ಚಿಲ್ಲ ಹೌದಲ್ರಿ?"

"ಇಲ್ಲ ಮಾರಾಯ್ರೆ, ಎಂತ ಎಣ್ಣೆಯೂ ಇಲ್ಲ."

ಶಾಲೆಯ ಪರೀಕ್ಷೆಗೆ ಒಂಬತ್ತೇ ದಿನ ಉಳಿದಿತ್ತು. ಒಂದು ದಿನ ತಪ್ಪಿದರೂ ಎಲ್ಲ ನೀರಿನಲ್ಲಿ ಹೋಮವಾದೀತೆಂಬ ಹೆದರಿಕೆ ನನ್ನದು. ನನ್ನ ದನಿಯಲ್ಲಿ ಏನು ಕಂಡರೋ, ಅವರು ಪೆಟ್ಟಿಗೆಯ ಬಾಗಿಲು ಹಾಕಲಿಲ್ಲ. ಮಗಳ ಎದುರು ಮೊಣಕಾಲೂರಿ ಕುಳಿತರು.

"ಯವ್ವಾ, ನೀ ಹೇಳು. ತಲಿಗೆ ಅಪ್ಪ ಎಣ್ಣಿ ಹಚ್ಚಿದ್ನೇನು?"

ಕಣ್ಣು ಅಲುಗಲಿಲ್ಲ.

"ಅಮ್ಮ ಹಚ್ಚಿದಳೇನು?"

ಅವಳು ಮೇಲೆ ನೋಡಿದಳು. ನನ್ನತ್ತ ಒಮ್ಮೆ ನೋಡಿ, ಮತ್ತೆ ಮೇಲೆ ನೋಡಿದಳು.

ಅವರು ಬೈದದ್ದು ಇಡೀ ಕ್ಲಿನಿಕ್ಕಿಗೆ ಕೇಳಿತು. "ಆಕ್ಸಿಜನ್ ತುಂಬಿದ ಮ್ಯಾಲ ಒಂದ್ ಕಿಡಿ ಸಾಕ್ರಿ! ತಾಯಿ ಮಗಳು ಇಬ್ರೂ ನನ್ನ ಕಣ್ಣೆದುರಿಗೇ ಸುಟ್ಟು ಹೋಗ್ತಿದ್ರಿ!" ನಾನು ಅತ್ತೆ. ಬೈಗುಳಕ್ಕಲ್ಲ, ಆರು ವರ್ಷ ಹೊತ್ತು ತಿರುಗಿದರೂ ಅವಳನ್ನು ನಾನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ನಾಚಿಕೆಯೂ ಸಂತೋಷವೂ ಒಟ್ಟಿಗೇ ನುಗ್ಗಿ ಬಂದವು.

ಆಮೇಲೆ ಅವರು ಮೆತ್ತಗಾದರು. "ಶಾಲಿಯವ್ರಿಗೆ ಹೇಳ್ರಿ ಅಕ್ಕಾರ, ಮ್ಯಾಲ ನೋಡಿದ್ರ ಹೌದು ಅಂತ." ಶಾಲೆಯವರಿಂದ ಹಾಗೆಯೇ ಅವಳನ್ನು ಕೇಳಿಸಿದೆ, ಸೀಟು ಸಿಕ್ಕಿತು. ಆಕ್ಸಿಜನ್ ಏನಾದರೂ ಮಾಡಿತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಅವಳನ್ನು ಮೊದಲು ಮಾತಾಡಿಸಿದವರು ಅವರು, ಅಷ್ಟು ಗೊತ್ತು.

ಅವರು ತೀರಿಕೊಂಡ ಸುದ್ದಿ ಬಂದಾಗ ಮಗಳಿಗೆ ಹದಿನಾಲ್ಕು. "ಮಾಮನನ್ನು ನೋಡಲು ಹೋಗುವಾ?" ಎಂದೆ. ಮೇಲೆ ನೋಡಿದಳು. ಅವಳ ತಲೆ ಬಾಚಲು ಕೂತು, ರೂಢಿಯಂತೆ ಎಣ್ಣೆ ಬಾಟಲಿಗೆ ಕೈ ಹಾಕಿದವಳು ತಡೆದೆ.

"ಹಾಕಲಾ?"

ಅವಳು ಮೇಲೆ ನೋಡಲಿಲ್ಲ, ನನ್ನನ್ನೇ ದಿಟ್ಟಿಸಿದಳು. ಒಣ ತಲೆಯನ್ನೇ ಬಾಚಿ, ಜಡೆ ಹಾಕಿ, ಹೊರಟೆವು.