ಕೈ ಎತ್ತಲೋ, ಲೈಸೆನ್ಸ್ ತೋರಿಸಲೋ?

ಫ್ರೆಂಡ್ಸ್, ಇವತ್ತು ಬೆಳಿಗ್ಗೆ ಆನೇಮಹಲ್ ಹತ್ತಿರ ಪೊಲೀಸರು ನನ್ನ ಜೀಪು ತಡೆದರು. ಎಲೆಕ್ಷನ್ ಬಂತಲ್ಲ, ಲೈಸೆನ್ಸ್ ಇರೋ ಕೋವಿಗಳನ್ನೆಲ್ಲ ಠಾಣೆಗೆ ತಂದೊಪ್ಪಿಸಿ ಅಂತ ಅವರದೇ ನೋಟಿಸು. ಒಪ್ಪಿಸೋಕೇ ಹೊರಟಿದ್ದೆ. ತೀರಿಕೊಂಡ ನನ್ನ ಹೆಂಡತಿ ಕೂರುತ್ತಿದ್ದ ಸೀಟಿನಲ್ಲಿ ಕೋವಿ ಮಲಗಿತ್ತು. ಅದು ಕಂಡಿದ್ದೇ ತಡ, ಹೊರ ಜಿಲ್ಲೆಯಿಂದ ಎಲೆಕ್ಷನ್ ಡ್ಯೂಟಿಗೆ ಬಂದಿದ್ದ ಕಾನ್‌ಸ್ಟೇಬಲ್ ರೈಫಲನ್ನು ನನ್ನ ಮುಖಕ್ಕೇ ಹಿಡಿದುಬಿಟ್ಟ.

“ಕೈ ಮೇಲೆತ್ತು! ಇಳಿಸಿದ್ರೆ ಹೊಡೀತೀನಿ!”

ಎತ್ತಿದೆ.

“ಲೈಸೆನ್ಸ್ ತೋರ್ಸು!”

ಲೈಸೆನ್ಸ್ ಇರೋದು ಜೇಬಿನಲ್ಲಿ. “ಯಾವ್ದು ಫಸ್ಟು ಸಾರ್?” ಅಂದೆ. “ಕೈ ಎತ್ತಿದವನಿಗೆ ಗುಂಡು ಹೊಡೆಯೋ ಹಾಗಿಲ್ಲ. ಎವ್ರಿ ಸಿಟಿಜನ್ ಹ್ಯಾಸ್ ಎ ರೈಟ್ ಟು… ರೈಟ್ ಟು…”

ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದು, ಮುಂದಕ್ಕೆ ಬರಲೇ ಇಲ್ಲ. ಎತ್ತಿದ ಕೈ ಮಾತ್ರ ಇಳಿಸಲಿಲ್ಲ. ಅಷ್ಟರಲ್ಲಿ ಟೀ ಅಂಗಡಿಯಿಂದ ನಮ್ಮ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಓಡಿ ಬಂದರು.

“ಬಂದೂಕ ಇಳ್ಸೋ ಮಾರಾಯ! ಪ್ರತಿ ಎಲೆಕ್ಷನ್‌ಗೂ ಕೋವಿ ತಂದ್ಕೊಡೋ ಗೌಡ್ರು ಕಣೋ!”

ರೈಟ್ ಟು ಲೈಫ್ ಅಂತ ನೆನಪಾಗಿದ್ದು ಠಾಣೆಯಲ್ಲಿ ರಸೀದಿಗೆ ಸಹಿ ಹಾಕುವಾಗ. ಆ ಕಾನ್‌ಸ್ಟೇಬಲ್ ಮೇಲೆ ಕಂಪ್ಲೇಂಟ್ ಕೊಡಿ ಅಂದರು ಕೆಲವರು. ಕೊಡಬೇಕು, ನಿಜ. ಆದರೆ ನನ್ನವಳು ಹೋದ ಮೇಲೆ ನನ್ನ ಮುಖವನ್ನು ಅಷ್ಟು ಹೊತ್ತು, ರೆಪ್ಪೆ ಬಡಿಯದೆ ನೋಡಿದವನು ಅವನೊಬ್ಬನೇ ಕಣ್ರೀ.